ಬೂದು ಅಕ್ಷರಗಳು

ಕಳೆದ ಚಳಿಗಾಲದ ಕಥೆ. ರಾತ್ರಿ ಎರಡು ಗಂಟೆಗೆ ಫೋನ್ ಹೊಡ್ಕೊಂಡಿತು. ಹೊರಗೆ ನ್ಯೂಜೆರ್ಸಿಯ ಹಿಮ, ಬೆಂಗಳೂರಿನಲ್ಲಿ ನಮ್ಮ ಟೀಮಿನವರಿಗೆ ಮಧ್ಯಾಹ್ನದ ಊಟದ ಹೊತ್ತು. "ನಿಮ್ ಕೋಡೇ ಸಾರ್, ಇನ್ನೊಂದು ಸರ್ವಿಸ್‌ನ ಹೊಡೆದು ಮಲಗಿಸಿದೆ" ಅಂದ್ರು.

ನೋಡಿದರೆ ಒಂದೇ ಸಾಲು. ಗೋ ಭಾಷೆಯ ಒಂದು ಫಂಕ್ಷನ್ನಿಗೆ ವಿಳಾಸ, ಆಮೇಲೆ 30, 5 ಅಂತ ಕೊಟ್ಟಿದ್ದೆ. ಮೂವತ್ತು ಸೆಕೆಂಡ್ ಕಾಯಿ, ಐದು ಸಲ ಪ್ರಯತ್ನಿಸು ಅನ್ನೋದು ನನ್ನ ಲೆಕ್ಕ. ಆ ಫಂಕ್ಷನ್ ಬರೆದವರ ಲೆಕ್ಕ ಉಲ್ಟಾ: ಮೊದಲು ಸಲ, ಆಮೇಲೆ ಸೆಕೆಂಡ್. ಎರಡೂ ಬರೀ ಪೂರ್ಣಾಂಕ, ಕಂಪೈಲರ್ ತುಟಿಪಿಟಕ್ ಅನ್ನಲಿಲ್ಲ. ಆ ಸರ್ವಿಸ್ ಸ್ವಲ್ಪ ನಿಧಾನವಾದಾಗ ನನ್ನ ಕೋಡ್ ಐದೈದು ಸೆಕೆಂಡಿಗೆ ಮೂವತ್ತು ಸಲ ಬಾಗಿಲು ಬಡಿಯಿತು. ರಿವ್ಯೂ ಮಾಡಿದ ಇಬ್ಬರಿಗೂ ಕಾಣಲಿಲ್ಲ. ಕಾಣೋಕೆ ಅಲ್ಲಿ ಏನಿತ್ತು ಹೇಳಿ?

ಕನ್ನಡದಲ್ಲಿ ಈ ತಾಪತ್ರಯ ಇಲ್ಲ ನೋಡಿ. ರಾಮ ರಾವಣನನ್ನು ಕೊಂದ ಅನ್ನಿ, ರಾವಣನನ್ನು ರಾಮ ಕೊಂದ ಅನ್ನಿ, ಸಾಯೋನು ರಾವಣನೇ. ವಿಭಕ್ತಿ ಪದಕ್ಕೇ ಅಂಟಿಕೊಂಡಿದೆ. ಗೋ ಇಂಗ್ಲಿಷಿನ ಹಾಗೆ, ಯಾರು ಎಲ್ಲಿ ನಿಂತಿದ್ದಾರೆ ಅನ್ನೋದೇ ಎಲ್ಲ.

ಇನ್‌ಲೇ ಹಿಂಟ್ ಅಂದರೆ ಎಡಿಟರ್ ತೋರಿಸುವ ವಿಭಕ್ತಿ ಅಂತ ಇಟ್ಕೊಳ್ಳಿ. 30ರ ಹಿಂದೆ ಬೂದು ಬಣ್ಣದಲ್ಲಿ 'ರಿಟ್ರೈಸ್:', 5ರ ಹಿಂದೆ 'ಟೈಮ್‌ಔಟ್:' ಅಂತ ಮೂಡುತ್ತೆ. ಫೈಲಿನಲ್ಲಿ ಅದು ಇರೋದೇ ಇಲ್ಲ, ಕಾಪಿ ಮಾಡಿದರೂ ಬರಲ್ಲ. ಎಡಿಟರ್ ತನಗೆ ಬೇಕಾದ ಸಾಲುಗಳ ವ್ಯಾಪ್ತಿ ಹೇಳಿ ಲ್ಯಾಂಗ್ವೇಜ್ ಸರ್ವರನ್ನು ಕೇಳುತ್ತೆ. ಕೋಡನ್ನು ಆಗಲೇ ಅರ್ಥ ಮಾಡಿಕೊಂಡು ಕೂತಿರುವ ಸರ್ವರ್, ಇಂಥ ಸಾಲಿನ ಇಂಥ ಜಾಗದಲ್ಲಿ ಇಂಥ ಪದ ಅಂತ ಪಟ್ಟಿ ಕಳಿಸುತ್ತೆ. ಅಷ್ಟೇ. ಮೈಕ್ರೋಸಾಫ್ಟ್ ಈ ಪ್ರೋಟೋಕಾಲನ್ನು 2016ರಲ್ಲಿ ಹೊರಗೆ ಬಿಟ್ಟಿತು. ಹಿಂಟ್ ಸೇರಿದ್ದು 2022ರ 3.17 ಆವೃತ್ತಿಯಲ್ಲಿ. ಅದಕ್ಕೂ ಮೊದಲು ರಸ್ಟ್ ಅನಲೈಸರ್‌ನವರು ತಮ್ಮದೇ ಕಾಲುದಾರಿ ಮಾಡ್ಕೊಂಡಿದ್ರು. ನಿಯೋವಿಮ್‌ಗೆ ಒಳಗಿಂದಲೇ ಬಂದಿದ್ದು 2024ರಲ್ಲಿ, 0.10ರ ಜೊತೆ.

ನಾನು ಅರ್ಧ ದಿನ ಕಳೆದುಕೊಂಡ ಜಾಗ ಹೇಳ್ತೀನಿ, ನೀವು ಕಳ್ಕೋಬೇಡಿ. ಎಡಿಟರಿನಲ್ಲಿ ಆನ್ ಮಾಡಿದರೂ ಏನೂ ಕಾಣಲಿಲ್ಲ. ಗೋಪ್ಲ್ಸ್ ಸರ್ವರಿನಲ್ಲಿ ಹಿಂಟುಗಳೆಲ್ಲ ಮೊದಲಿಗೆ ಆಫ್ ಇರುತ್ತವೆ, ಪ್ಯಾರಾಮೀಟರ್ ಹೆಸರು ಬೇಕು ಅಂತ ಅದರ ಸೆಟ್ಟಿಂಗಿನಲ್ಲೂ ಹೇಳಬೇಕು. ಕೇಳೋನೂ ಇರಬೇಕು, ಹೇಳೋನೂ ಇರಬೇಕು!

ಎಲ್ಲಾ ಹಾಕಿಕೊಂಡರೆ ಮಾತ್ರ ಸ್ಕ್ರೀನ್ ಜಾತ್ರೆ. ನಾನು ಟೈಪ್ ಹಿಂಟ್ ತೆಗೆದು ಪ್ಯಾರಾಮೀಟರ್ ಮಾತ್ರ ಇಟ್ಕೊಂಡಿದ್ದೀನಿ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್, ಆಲ್ಟ್ ಒತ್ತಿ ಹಿಡಿದಾಗ ಮಾತ್ರ ಕಾಣೋ ಹಾಗೂ ಇಡಬಹುದು.

ನಿಜ ಹೇಳಬೇಕಂದ್ರೆ ಇದು ಊರುಗೋಲು. ಆ ಫಂಕ್ಷನ್ ಬರೀ ಪೂರ್ಣಾಂಕದ ಬದಲು ಗೋ ಕೊಡುವ ಡ್ಯೂರೇಶನ್ ಟೈಪ್ ಕೇಳಿದ್ದರೆ, 30ರ ಪಕ್ಕ ಸೆಕೆಂಡ್ ಅಂತ ನಾನೇ ಬರೆಯಬೇಕಿತ್ತು, ಜಾಗ ತಪ್ಪಿದರೆ ಕಂಪೈಲರ್ ಅಲ್ಲೇ ಕಿವಿ ಹಿಂಡುತ್ತಿತ್ತು. ಆಮೇಲೆ ಹಾಗೇ ಬದಲಾಯಿಸಿದೆವು.

ಮೊನ್ನೆ ಹೊಸ ಹುಡುಗನೊಬ್ಬ ನನ್ನ ಕೀಬೋರ್ಡ್ ತಗೊಂಡು ಆ ಬೂದು ಅಕ್ಷರಗಳನ್ನ ಅಳಿಸೋಕೆ ಹತ್ತು ನಿಮಿಷ ಒದ್ದಾಡಿದ. ನಾನು ಕಾಫಿ ಕುಡೀತಾ ಸುಮ್ನೆ ನೋಡ್ತಾ ಇದ್ದೆ.