ಅಪ್ಪನ ಹೊಟ್ಟೆಯಲ್ಲಿ ಸೊಳ್ಳೆ ಪರದೆ

ಅಪ್ಪನಿಗೆ ಹರ್ನಿಯಾ ಆಪರೇಷನ್ ಆಗಿ ನಾಲ್ಕು ವರ್ಷ ಆಯ್ತು. ಆರಾಮಾಗಿದ್ದಾರೆ. ಬೆಳಿಗ್ಗೆ ಎದ್ದು ಕೆರೆ ಏರಿ ಮೇಲೆ ನಡೆದು ಬರ್ತಾರೆ, ಅಮ್ಮನ ಕಣ್ಣು ತಪ್ಪಿಸಿ ಅಂಗಡಿಯಲ್ಲಿ ಒಂದೊಂದು ಸಿಮೆಂಟ್ ಮೂಟೆ ಸರಿಸೋದೂ ಉಂಟು. ಆದರೂ ಆ ಆಪರೇಷನ್ ನೆನಪಾದಾಗಲೆಲ್ಲ ನನಗೆ ಏನೋ ಕಸಿವಿಸಿ. ಅಪ್ಪನ ವಿಷಯಕ್ಕಲ್ಲ. ಅದೇ ಅಂಗಡಿಯಲ್ಲಿ ಮೂವತ್ತು ವರ್ಷ ಮೂಟೆ ಹೊತ್ತ ಇನ್ನೊಬ್ಬರ ವಿಷಯಕ್ಕೆ. ಅವರ ಹೆಸರು ಬರೆಯೋಲ್ಲ. ನಾವು ಮನೆಯವರೆಲ್ಲ ಅವರನ್ನ ಅಣ್ಣ ಅಂತಲೇ ಕರೆಯೋದು, ಇಲ್ಲೂ ಹಾಗೇ ಇರಲಿ.

ಮೊದಲು ಅಪ್ಪನ ಕಥೆ ಹೇಳ್ತೀನಿ.

ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಮಲಗಿದರೆ ಒಳಗೆ ಹೋಗುತ್ತೆ, ಎದ್ದು ಕೆಮ್ಮಿದರೆ ಹೊರಗೆ ಬರುತ್ತೆ. ನಮ್ಮ ಕಡೆ ಇದಕ್ಕೆ 'ಕರುಳು ಇಳಿದಿದೆ' ಅಂತಾರೆ, ಅದು ಸರಿಯಾದ ಮಾತೇ. ಹೊಟ್ಟೆಯ ಗೋಡೆ ಒಂದು ಕಡೆ ತೆಳುವಾಗಿ, ಸೀಳು ಬಿಟ್ಟು, ಅಲ್ಲಿಂದ ಕರುಳು ಇಣುಕಿ ನೋಡುತ್ತೆ. ಮಾತ್ರೆಗೆ ಹೋಗುವ ಕಾಯಿಲೆ ಅಲ್ಲ. ಗೋಡೆ ರಿಪೇರಿ ಮಾಡಲೇಬೇಕು.

ಪಟ್ಟಣದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ನಿನ ಹಿಂದಿನ ದಿನ ನನ್ನನ್ನು ಒಂದು ಪುಟ್ಟ ಕೋಣೆಗೆ ಕರೆದರು. ಅಲ್ಲಿ ಡಾಕ್ಟರ್ ಇರಲಿಲ್ಲ. ಟೈ ಕಟ್ಟಿಕೊಂಡ ಹುಡುಗನೊಬ್ಬ ಇದ್ದ, ಕೌನ್ಸೆಲರ್ ಅಂತೆ. "ಸರ್, ಮೆಶ್ ಯಾವುದು ಹಾಕಿಸ್ತೀರಾ? ನಾರ್ಮಲ್ ಇದೆ, ಇಂಪೋರ್ಟೆಡ್ ಇದೆ, ಅರ್ಧ ಕರಗೋದು ಇದೆ" ಅಂದ. ಸೀರೆ ಅಂಗಡಿಯಲ್ಲಿ ಕೂತ ಹಾಗೆ ಅನ್ನಿಸ್ತು. ಸೀರೆಯಾದರೆ ಮುಟ್ಟಿಯಾದರೂ ನೋಡಬಹುದಿತ್ತು! ವ್ಯತ್ಯಾಸ ಏನಪ್ಪಾ ಅಂತ ಕೇಳಿದೆ. "ಇದು ಪ್ರೀಮಿಯಂ ಸರ್, ಫಾದರ್‌ಗೆ ಅಲ್ವಾ" ಅಂದ. ಅಷ್ಟೇ, ಮುಗೀತು. ಹೆತ್ತ ಅಪ್ಪನ ಹೊಟ್ಟೆಗೆ ಕಡಿಮೆ ಬೆಲೆದು ಹಾಕಿ ಅನ್ನೋಕೆ ಯಾವ ಮಗನಿಗೆ ನಾಲಿಗೆ ಏಳುತ್ತೆ? ಅರ್ಧ ಕರಗೋದಕ್ಕೇ ಸಹಿ ಹಾಕಿ ಬಂದೆ. ಬಿಲ್ಲಿನಲ್ಲಿ 'ಮೆಶ್' ಅಂತ ಒಂದೇ ಪದ, ಮುಂದೆ 18,500 ರೂಪಾಯಿ. ಯಾವ ಕಂಪನಿ, ಯಾವ ವಸ್ತು, ಎಷ್ಟು ಅಗಲ, ಏನೂ ಇಲ್ಲ. ನಮ್ಮ ಅಂಗಡಿಯಲ್ಲಿ ಒಂದು ನಲ್ಲಿ ಮಾರಿದರೂ ಕಂಪನಿ, ಸೈಜು ಬರೆದು ಕೊಡ್ತೀವಿ.

ಆಮೇಲೆ ಓದೋಕೆ ಶುರು ಮಾಡಿದೆ. ಮೊದಲೇ ಓದಬೇಕಿತ್ತು, ಬುದ್ಧಿ ಬರೋದು ಯಾವಾಗಲೂ ಬಿಲ್ ಕಟ್ಟಿದ ಮೇಲೆ.

ಹಳೇ ಕಾಲದಲ್ಲಿ ಈ ಸೀಳನ್ನು ಎರಡು ಅಂಚು ಎಳೆದು ಹೊಲೀತಾ ಇದ್ದರು. ಇಟಲಿಯ ಎಡುವಾರ್ಡೊ ಬಸ್ಸೀನಿ ಅನ್ನುವ ಸರ್ಜನ್ 1887ರಲ್ಲಿ ಪ್ರಕಟಿಸಿದ ಕ್ರಮವೇ ಸುಮಾರು ನೂರು ವರ್ಷ ನಡೀತು. ಅದರ ತೊಂದರೆ ಏನು ಅಂದರೆ, ಹರಿದ ಪಂಚೆಯನ್ನು ಎಳೆದು ಹೊಲಿದರೆ ಹೊಲಿಗೆ ಪಕ್ಕದಲ್ಲೇ ಮತ್ತೆ ಹರಿಯುತ್ತಲ್ಲ, ಹಾಗೆ. ಕೆಮ್ಮಿದಾಗ, ಭಾರ ಎತ್ತಿದಾಗ ಜಗ್ಗಿ ಜಗ್ಗಿ ಎಷ್ಟೋ ಜನರಿಗೆ ಹರ್ನಿಯಾ ವಾಪಸ್ ಬರ್ತಿತ್ತು. ನಮ್ಮ ಅಜ್ಜಿಯಂದಿರಿಗೆ ಇದಕ್ಕೆ ಪರಿಹಾರ ಗೊತ್ತಿತ್ತು: ಎಳೀಬೇಡ, ತೇಪೆ ಹಾಕು. ಲಾಸ್ ಏಂಜಲೀಸಿನ ಇರ್ವಿಂಗ್ ಲಿಕ್ಟೆನ್‌ಸ್ಟೈನ್ ಮತ್ತವರ ಜೊತೆಗಾರರು 1989ರಲ್ಲಿ ಪ್ರಕಟಿಸಿದ್ದು ಹೆಚ್ಚುಕಡಿಮೆ ಇದನ್ನೇ. ಅಂಚುಗಳನ್ನು ಎಳೆಯದೆ, ಸುಮಾರು 15 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲದ ಒಂದು ಜಾಳಿಗೆಯನ್ನು ಸೀಳಿನ ಮೇಲೆ ಹಾಸಿ ಹೊಲಿಯೋದು. ಆ ಜಾಗಕ್ಕೆ ಮಾತ್ರ ಮರಗಟ್ಟಿಸಿ ಮಾಡಬಹುದಾದ ಆಪರೇಷನ್. ಈಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ತೊಡೆಸಂದಿನ ಹರ್ನಿಯಾ ರಿಪೇರಿಗಳಾಗುತ್ತವೆ, ಅದರಲ್ಲಿ ಈ ತೇಪೆಯದ್ದೇ ದೊಡ್ಡ ಪಾಲು.

ತೇಪೆ ಯಾವುದರದ್ದು ಗೊತ್ತಾ? ಪಾಲಿಪ್ರೊಪಿಲೀನ್. ನಾನು ಓದಿ ಜೋರಾಗಿ ನಕ್ಕುಬಿಟ್ಟೆ. ನಮ್ಮ ಅಂಗಡಿಗೆ ಬರುವ ಸಿಮೆಂಟ್ ಚೀಲವನ್ನ ನೇಯೋದು ಅದೇ ಪ್ಲಾಸ್ಟಿಕ್ಕಿನಲ್ಲಿ! ಜೀವಮಾನವಿಡೀ ಹೊತ್ತ ಚೀಲದ ಸಂಬಂಧಿಯೇ ಈಗ ಅಪ್ಪನ ಹೊಟ್ಟೆಯಲ್ಲಿ ಕೂತಿದೆ. ಅದು ಕರಗೋಲ್ಲ, ಕೊಳೆಯೋಲ್ಲ. ಬಳ್ಳಿ ಚಪ್ಪರಕ್ಕೆ ಹಬ್ಬೋ ಹಾಗೆ ಮೈಯ ಮಾಂಸ ಅದರ ತೂತುಗಳಲ್ಲಿ ನುಗ್ಗಿ ಬೆಳೆದು ಗಟ್ಟಿಯಾಗುತ್ತೆ. ಅಂದರೆ ಗೋಡೆ ಕಟ್ಟೋದು ಮೈಯೇ, ಜಾಳಿಗೆ ಬರೀ ಚಪ್ಪರ.

ಹಾಗಾದರೆ 'ಅರ್ಧ ಕರಗೋದು'? ಅದರಲ್ಲಿ ಪಾಲಿಪ್ರೊಪಿಲೀನ್ ಎಳೆಗಳ ಜೊತೆ ಕರಗುವ ಎಳೆ ಸೇರಿಸಿ ನೇಯ್ದಿರ್ತಾರೆ. ಹೆರಿಗೆ ಹೊಲಿಗೆಗೆ, ಒಳಹೊಲಿಗೆಗೆ ಹಾಕ್ತಾರಲ್ಲ, 'ಬಿಚ್ಚೋದು ಬೇಡ, ತಾನೇ ಕರಗುತ್ತೆ' ಅಂತ, ಆ ದಾರದ ಜಾತಿ. ಹಿಂದೆ ಅದನ್ನು ಕುರಿ, ದನದ ಕರುಳಿನಿಂದ ಮಾಡ್ತಿದ್ದರು. ಕ್ಯಾಟ್‌ಗಟ್ ಅಂತ ಹೆಸರು, ಬೆಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಈಗ ಹೆಚ್ಚಾಗಿ ಬಳಸೋದು ಕೃತಕವಾದದ್ದು. ಮೈಯೊಳಗಿನ ನೀರೇ ಅದನ್ನ ನಿಧಾನವಾಗಿ ಮುರಿಯುತ್ತೆ. ಕೆಲವು ಬಗೆಯ ದಾರ ಕೊನೆಗೆ ಲ್ಯಾಕ್ಟಿಕ್ ಆಮ್ಲವೂ ಆಗುತ್ತೆ, ಮೊಸರಿನ ಹುಳಿ ಇದೆಯಲ್ಲ ಅದೇ. ಜಾಳಿಗೆಯ ಕರಗುವ ಭಾಗ ಎರಡರಿಂದ ನಾಲ್ಕು ತಿಂಗಳಲ್ಲಿ ಮಾಯ. ಉಳಿಯೋದು ಹಗುರವಾದ ಜಾಳಿಗೆ. ಪೂರ್ತಿ ಕರಗಿಸಿಬಿಟ್ಟರೆ ಒಳ್ಳೇದಲ್ವಾ ಅಂತ ನನಗೂ ಅನ್ನಿಸ್ತು. ಆದರೆ ಒಂದೆರಡು ತಿಂಗಳಲ್ಲಿ ಕರಗುವ ಜಾಳಿಗೆಯನ್ನೇ ನಂಬಿದರೆ ಚಪ್ಪರ ಹೋದ ಮೇಲೆ ಬಳ್ಳಿ ನಿಲ್ಲೋಲ್ಲ, ಹರ್ನಿಯಾ ವಾಪಸ್ ಬರುತ್ತೆ.

ಈಗ ನೋಡಿ ಮಜಾ. 2018ರಲ್ಲಿ ನಾನಾ ದೇಶದ ಹರ್ನಿಯಾ ತಜ್ಞರು ಸೇರಿ ಮಾರ್ಗಸೂಚಿ ಪ್ರಕಟಿಸಿದರು. ಹಗುರ ಜಾಳಿಗೆಯಿಂದ ಮೊದಮೊದಲು ನೋವು ಸ್ವಲ್ಪ ಕಡಿಮೆ ಇರಬಹುದು, ಆದರೆ ದೀರ್ಘ ಕಾಲದಲ್ಲಿ ಹರ್ನಿಯಾ ಮರುಕಳಿಸೋದರಲ್ಲಾಗಲೀ ಉಳಿದುಹೋಗುವ ನೋವಿನಲ್ಲಾಗಲೀ ಮೇಲುಗೈ ಕಾಣಲಿಲ್ಲ ಅನ್ನೋದು ಅದರ ಸಾರಾಂಶ. ಅಂದರೆ ಆ ಹುಡುಗನ 'ಪ್ರೀಮಿಯಂ' ಮಾತಿಗೆ ನಾನು ತೆತ್ತಿದ್ದು ಬಹುಪಾಲು ನನ್ನ ಭಯದ ಬೆಲೆ.

ಇದಕ್ಕಿಂತ ಮಜಾ ಇನ್ನೊಂದಿದೆ. ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ ಅನ್ನೋ ಸಣ್ಣ ಊರಿನಲ್ಲಿ ಡಾ. ರವೀಂದ್ರನಾಥ ಟೊಂಗಾವ್ಕರ್ ಅಂತ ಸರ್ಜನ್. ಬಡ ರೋಗಿಗಳಿಗೆ ಜಾಳಿಗೆ ಕೊಳ್ಳೋಕೆ ದುಡ್ಡಿಲ್ಲ. ಇವರು ಸೊಳ್ಳೆ ಪರದೆಯ ಬಟ್ಟೆ ತಗೊಂಡು, ಕತ್ತರಿಸಿ, ಶುದ್ಧಿ ಮಾಡಿ ಅದನ್ನೇ ಹಾಕಿದರು. ಹಲವು ಆಸ್ಪತ್ರೆಗಳ ಸರ್ಜನ್‌ಗಳನ್ನು ಸೇರಿಸಿಕೊಂಡು ನೂರಾರು ಹರ್ನಿಯಾ ರಿಪೇರಿ ಮಾಡಿ 2003ರಲ್ಲಿ ಭಾರತದ ಸರ್ಜನ್‌ಗಳ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳ್ಳಿ ಡಾಕ್ಟರ ಚಮತ್ಕಾರ ಅಂತ ಮೂಗು ಮುರಿಯೋರಿಗೆ ಉತ್ತರ ಸಿಕ್ಕಿದ್ದು 2016ರಲ್ಲಿ. ಉಗಾಂಡಾದಲ್ಲಿ 302 ಗಂಡಸರಿಗೆ, ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ಹಂಚಿ, ಅರ್ಧ ಜನಕ್ಕೆ ಕಂಪನಿ ಜಾಳಿಗೆ, ಅರ್ಧ ಜನಕ್ಕೆ ಸೊಳ್ಳೆ ಪರದೆಯ ಜಾಳಿಗೆ ಹಾಕಿದರು. ಒಂದಕ್ಕೆ ನೂರು ಡಾಲರಿಗೂ ಮೇಲೆ, ಇನ್ನೊಂದಕ್ಕೆ ಒಂದು ಡಾಲರೂ ಇಲ್ಲ. ವರ್ಷ ಕಳೆದ ಮೇಲೆ ನೋಡಿದರೆ ಸೊಳ್ಳೆ ಪರದೆಯವರಲ್ಲಿ ಒಬ್ಬರಿಗೆ ಹರ್ನಿಯಾ ವಾಪಸ್ ಬಂದಿತ್ತು, ಕಂಪನಿಯವರಲ್ಲಿ ಯಾರಿಗೂ ಇಲ್ಲ. ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸವೇ ಅಲ್ಲ.

ಹಾಗಂತ ಸಂತೆಯಿಂದ ಪರದೆ ತಂದು ಹೊಲಿಸಿಕೊಳ್ಳಿ ಅಂತ ನಾನು ಹೇಳ್ತಿಲ್ಲ ಮಾರಾಯ್ರೇ! ಯಾವ ಪ್ಲಾಸ್ಟಿಕ್ಕು, ಎಷ್ಟು ಶಾಖಕ್ಕೆ ತಡೆಯುತ್ತೆ, ತೂತು ಎಷ್ಟು ದೊಡ್ಡದು, ಎಲ್ಲ ಪರೀಕ್ಷಿಸಿ ಮಾಡಿದ ಕೆಲಸ ಅದು. ಜಾಳಿಗೆ ಅಂದರೆ ಎಲ್ಲ ಕಡೆ ಅಮೃತವೂ ಅಲ್ಲ. ಹೆಂಗಸರಿಗೆ ಗರ್ಭಕೋಶ ಜಾರಿದಾಗ ಯೋನಿಮಾರ್ಗದಿಂದ ಇಡುತ್ತಿದ್ದ ಇಂಥದೇ ಜಾಳಿಗೆ ಎಷ್ಟು ಜನರನ್ನು ನರಳಿಸ್ತು ಅಂದರೆ, ಅಮೆರಿಕ ಸರ್ಕಾರ 2019ರಲ್ಲಿ ಅದರ ಮಾರಾಟ ನಿಲ್ಲಿಸೋಕೆ ಆದೇಶ ಮಾಡಬೇಕಾಯ್ತು. ತೊಡೆಸಂದಿನ ರಿಪೇರಿಯಲ್ಲೂ ನೂರಕ್ಕೆ 10-12 ಜನರಿಗೆ ಗಣನೀಯ ನೋವು ಉಳಿದುಹೋಗುತ್ತೆ ಅಂತ ಅದೇ 2018ರ ಮಾರ್ಗಸೂಚಿ ಹೇಳುತ್ತೆ. ಪುಣೆಯ ಡಾ. ಮೋಹನ ದೇಸರ್ಡಾ ಅಂತೂ ಜಾಳಿಗೆಯೇ ಬೇಡ ಅಂದರು. ಪಕ್ಕದ ಗಟ್ಟಿ ಪೊರೆಯಿಂದಲೇ ಒಂದು ಪಟ್ಟಿ ಸೀಳಿ, ಪೂರ್ತಿ ಬೇರ್ಪಡಿಸದೆ, ತೇಪೆಯಾಗಿ ಹೊಲಿಯುವ ಕ್ರಮವನ್ನ 2001ರಲ್ಲಿ ಪ್ರಕಟಿಸಿದರು. ಪೋಲೆಂಡಿನಲ್ಲಿ 208 ಜನರ ಮೇಲೆ ಎರಡೂ ಕ್ರಮ ಹೋಲಿಸಿ ನೋಡಿ, ಮೂರು ವರ್ಷದಲ್ಲಿ ಮರುಕಳಿಸಿದ್ದು ಎರಡರಲ್ಲೂ ಸಮಸಮ ಅಂತ 2012ರಲ್ಲಿ ಬರೆದರು.

ಇಷ್ಟೆಲ್ಲ ದಾರಿಗಳಿವೆ. ಆದರೆ ನನಗೆ ಆ ಕೋಣೆಯಲ್ಲಿ ತೋರಿಸಿದ್ದು ಮೂರು ಬೆಲೆ ಮಾತ್ರ.

ಈಗ ಅಣ್ಣನ ವಿಷಯ.

ಅಪ್ಪ ಮನೆಗೆ ಬಂದ ಮೇಲೆ ನೋಡೋಕೆ ಬಂದವರಿಗೆಲ್ಲ ನಾನು ಬಿಲ್ಲಿನ ಮೊತ್ತ ಹೇಳಿದ್ದೇ ಹೇಳಿದ್ದು. ನಿಜ ಹೇಳಬೇಕು ಅಂದರೆ ಅದರಲ್ಲಿ ಸ್ವಲ್ಪ ಜಂಭವೂ ಇತ್ತು, ಅಪ್ಪನಿಗೆ ಎಷ್ಟು ಖರ್ಚು ಮಾಡಿದೆ ನೋಡಿ ಅಂತ. ಅಣ್ಣ ಮೂಲೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರಿಗೂ ಅದೇ ತೊಂದರೆ ಇದೆ, ಐದಾರು ವರ್ಷದಿಂದ ಲಂಗೋಟಿ ಬಿಗಿದು ಮೂಟೆ ಹೊರ್ತಾ ಇದ್ದಾರೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. "ಯಜಮಾನ್ರಿಗೇ ಅಷ್ಟಾಯ್ತು ಅಂದ್ರೆ ನಮ್ಮಂಥೋರಿಗೆ ಎಲ್ಲಿಂದ ಬರ್ಬೇಕು" ಅಂತ ಮನೆಯಲ್ಲಿ ಹೆಂಡತಿಗೆ ಹೇಳಿದ್ದರಂತೆ. ಆ ಮಾತು ನನಗೆ ತಿಳಿದದ್ದು ಎಂಟು ತಿಂಗಳ ನಂತರ, ಜಿಲ್ಲಾ ಆಸ್ಪತ್ರೆಯ ಕಾರಿಡಾರಿನಲ್ಲಿ.

ಇಳಿದ ಕರುಳು ವಾಪಸ್ ಹೋಗದೆ ಸಿಕ್ಕಿಹಾಕಿಕೊಂಡು, ರಕ್ತ ಓಡದೆ ಕಪ್ಪಾಗಿತ್ತು. ರಾತ್ರೋರಾತ್ರಿ ಆಪರೇಷನ್ ಮಾಡಿ ಕೊಳೆತಷ್ಟು ಕರುಳು ಕತ್ತರಿಸಿ ಜೋಡಿಸಿದರು. ಜಾಳಿಗೆ ಹಾಕಿದಿರಾ ಸರ್ ಅಂತ ನಾನು ಕೇಳಿದೆ. ಆ ಡಾಕ್ಟರ್ ಪುಣ್ಯಾತ್ಮ, ನಿದ್ದೆಗೆಟ್ಟ ಕಣ್ಣಲ್ಲೇ ನಿಂತು ವಿವರಿಸಿದರು. ಕೊಳೆತ ಕರುಳಿನ ಸೋಂಕು ಇರೋ ಕಡೆ ಉಳಿಯುವ ಪ್ಲಾಸ್ಟಿಕ್ ಇಡೋಕೆ ಹೆದರಿಕೆ, ಕ್ರಿಮಿ ಅದಕ್ಕೆ ಹತ್ತಿಕೊಂಡರೆ ಬಿಡೋಲ್ಲ, ಅದಕ್ಕೇ ಹಳೇ ಕ್ರಮದಲ್ಲಿ ಎಳೆದು ಹೊಲಿದಿದ್ದೀವಿ ಅಂದರು. ಇನ್ನು ಭಾರ ಎತ್ತೋ ಹಾಗಿಲ್ಲ ಅಂತಲೂ ಹೇಳಿದರು. ಮೂಟೆ ಹೊರೋದು ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯನಿಗೆ.

ಅಣ್ಣ ಬದುಕಿದರು. ಈಗ ಅಂಗಡಿಯಲ್ಲಿ ಲೆಕ್ಕದ ಪುಸ್ತಕ ಹಿಡಿದು ಕೂರ್ತಾರೆ. ಆದರೆ ಅವತ್ತು ನಾನು ಬಿಲ್ಲಿನ ಬದಲು, "ಅಣ್ಣಾ, ಇದು ಒಂದು ತೇಪೆ ಕೆಲಸ, ಸಾದಾ ಜಾಳಿಗೆ ಸಾಕಂತೆ, ಸರ್ಕಾರಿ ಆಸ್ಪತ್ರೆಯಲ್ಲೂ ಮಾಡ್ತಾರಂತೆ" ಅಂದಿದ್ದರೆ? ಹೇಳೋಕೆ ನನಗೇ ಗೊತ್ತಿರಲಿಲ್ಲ. ಗೊತ್ತು ಮಾಡಿಸಬೇಕಾದವರು ಗೊತ್ತು ಮಾಡಿಸಿರಲಿಲ್ಲ.

ಹೃದಯದ ಸ್ಟೆಂಟಿಗೆ 2017ರ ಫೆಬ್ರುವರಿಯಲ್ಲಿ ಸರ್ಕಾರ ಬೆಲೆ ಕಟ್ಟಿತು. ಔಷಧಿ ಲೇಪನದ ಸ್ಟೆಂಟು ಲಕ್ಷದ ಮಾತಾಡುತ್ತಿದ್ದದ್ದು 29,600 ರೂಪಾಯಿಗೆ ಇಳೀತು. ಅದೇ ವರ್ಷ ಆಗಸ್ಟಿನಲ್ಲಿ ಮಂಡಿ ಕೀಲಿಗೂ ಮಿತಿ ಬಂತು. ಒಳ್ಳೇದೇ ಆಯ್ತು. ಆದರೆ ಬೆಲೆ ಕಟ್ಟೋದರಷ್ಟೇ ದೊಡ್ಡ ಕೆಲಸ ಬಾಯಿ ಬಿಟ್ಟು ಹೇಳೋದು. ನನ್ನ ಬೇಡಿಕೆ ದೊಡ್ಡದೇನಲ್ಲ. ಮೈಯೊಳಗೆ ಏನಿಡ್ತೀರಿ ಅನ್ನೋದನ್ನ ಟೈ ಕಟ್ಟಿದ ಹುಡುಗ ಅಲ್ಲ, ಕತ್ತರಿ ಹಿಡಿಯೋ ಡಾಕ್ಟರೇ ಹೇಳಬೇಕು. ಅದು ಉಳಿಯುತ್ತೋ ಕರಗುತ್ತೋ, ಕರಗೋದಾದರೆ ಎಷ್ಟು ದಿನಕ್ಕೆ, ಕಡಿಮೆ ಬೆಲೆಯದಕ್ಕೂ ಇದಕ್ಕೂ ರೋಗಿಗೆ ಆಗುವ ವ್ಯತ್ಯಾಸ ಏನು, ಕನ್ನಡದಲ್ಲಿ ಹೇಳಬೇಕು. ಡಬ್ಬಿಯ ಮೇಲಿನ ಹೆಸರು, ನಂಬರು ಡಿಸ್ಚಾರ್ಜ್ ಚೀಟಿಗೆ ಅಂಟಿಸಿ ಕೊಡಬೇಕು. ನಾಳೆ ಅಪ್ಪನ ಹೊಟ್ಟೆಯಲ್ಲಿ ಏನಾದರೂ ಎಡವಟ್ಟಾದರೆ ಒಳಗಿರೋದು ಏನು ಅಂತ ಯಾರನ್ನ ಕೇಳಲಿ?

ನಾವೂ ಒಂದು ಕಲೀಬೇಕು. ದುಬಾರಿಯದು ಹಾಕಿಸಿದರೇ ಪ್ರೀತಿ ಅನ್ನೋ ಹುಚ್ಚು ಬಿಡಬೇಕು. "ಸಾದಾದು ಸಾಕಾಗುತ್ತಾ ಡಾಕ್ಟ್ರೇ?" ಅಂತ ಕೇಳೋದು ಜಿಪುಣತನ ಅಲ್ಲ. ಸಾಕು ಅಂದರೆ ಸಾಕು.

ನಿಮ್ಮ ಮನೆಯಲ್ಲೋ ತೋಟದಲ್ಲೋ ಅಂಗಡಿಯಲ್ಲೋ ಲಂಗೋಟಿ ಬಿಗಿದು ಸುಮ್ಮನೆ ಭಾರ ಎತ್ತುತ್ತಿರುವ ಅಣ್ಣ ಯಾರಾದರೂ ಇರಬಹುದು. ಒಂದು ಸಲ ವಿಚಾರಿಸಿ. ಬಿಲ್ಲಿನ ಕಥೆ ಮಾತ್ರ ಹೇಳಬೇಡಿ.