ಕರುಣೆ ಸಾಕು, ಕುರ್ಚಿ ಕೊಡಿ

ಕಡೂರಿನ ಬಸ್ ನಿಲ್ದಾಣದಲ್ಲಿ ಕಾಲಿಲ್ಲದವರೊಬ್ಬರು ಕೈಚಾಚಿದರೆ ನಮ್ಮಲ್ಲಿ ಹೆಚ್ಚಿನವರು ಜೇಬಿಗೆ ಕೈ ಹಾಕುತ್ತೇವೆ. ಅದೇ ವ್ಯಕ್ತಿ ನಮ್ಮ ಅಂಗಡಿಗೆ ಬಂದು ಲೆಕ್ಕ ಬರೆಯುವ ಕೆಲಸ ಕೇಳಿದರೆ? ‘ಆಮೇಲೆ ನೋಡೋಣ’ ಎನ್ನುತ್ತೇವೆ. ದಾನ ಕೊಡಲು ನಾವು ಸಿದ್ಧ. ದುಡಿಮೆ ಕೊಡಲು ಸಿದ್ಧರಿಲ್ಲ.

ಹೊಸಬರ ಮಾತು ಹಾಗಿರಲಿ. ಇಪ್ಪತ್ತು ವರ್ಷ ದುಡಿದವನು ಅಪಘಾತದಲ್ಲಿ ಕೈಯನ್ನೋ ಕಾಲನ್ನೋ ಕಳೆದುಕೊಂಡರೆ ಅವನನ್ನು ಮನೆಗೆ ಕಳಿಸುವುದು ಸಹಜವೆಂದೇ ನಾವು ನಂಬಿದ್ದೇವೆ. ಕಾನೂನು ಹಾಗೆ ಹೇಳುವುದಿಲ್ಲ. ಸೇವೆಯಲ್ಲಿದ್ದಾಗ ಅಂಗವಿಕಲನಾದ ನೌಕರನನ್ನು ತೆಗೆಯಬಾರದು, ಹುದ್ದೆ ಇಳಿಸಬಾರದು. ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಬೇಕು. ಅದಿಲ್ಲವಾದರೆ ಕೆಲಸ ಸಿಗುವವರೆಗೆ ಅಥವಾ ನಿವೃತ್ತಿಯ ವಯಸ್ಸಿನವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು ಎಂದು 1995ರ ಕಾಯ್ದೆಯ 47ನೇ ಕಲಂ ವಿಧಿಸಿತ್ತು. 2016ರ ಕಾಯ್ದೆಯ 20ನೇ ಕಲಂ ಅದನ್ನೇ ಮುಂದುವರಿಸಿದೆ.

ಆದರೂ ಈ ಹಕ್ಕಿಗಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿದೆ. ಕಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಒಬ್ಬರನ್ನು ಕೇಂದ್ರ ಸರಕಾರ ಸೇವೆಯಿಂದ ಬಿಡಿಸಿತ್ತು. ‘ಪಿಂಚಣಿ ಕೊಟ್ಟಿದ್ದೇವಲ್ಲ’ ಎಂಬ ವಾದವನ್ನು 2003ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಇಷ್ಟಾದ ಮೇಲೂ 2025ರಲ್ಲಿ ನೆರೆಯ ತೆಲಂಗಾಣದ ಸಾರಿಗೆ ನಿಗಮದ ಚಾಲಕನೊಬ್ಬ ಅದೇ ಬಾಗಿಲು ತಟ್ಟಬೇಕಾಯಿತು. ಬಣ್ಣಗುರುಡೆಂದು ಅವನನ್ನು ಮನೆಗೆ ಕಳಿಸಲಾಗಿತ್ತು. ಬೇರೆ ಕೆಲಸ ಹುಡುಕದೆ ಕಳಿಸಿದ್ದು ತಪ್ಪೆಂದ ನ್ಯಾಯಾಲಯ ಸೂಕ್ತ ಹುದ್ದೆ ಕೊಡಲು ಆದೇಶಿಸಿತು.

‘ಕಣ್ಣು ಸರಿಯಿಲ್ಲದವನ ಕೈಗೆ ಬಸ್ಸು ಕೊಡಬೇಕೇ?’ ಎಂದು ಕೇಳುವವರಿದ್ದಾರೆ. ಹಾಗೆಂದು ಕೇಳಿದವರು ಯಾರು? ಡಿಪೋದಲ್ಲಿ ಕಡತಗಳಿಲ್ಲವೇ, ಉಗ್ರಾಣವಿಲ್ಲವೇ, ವಿಚಾರಣೆಯ ಕಿಟಕಿಯಿಲ್ಲವೇ? ಇಲ್ಲದಿರುವುದು ಕೆಲಸವಲ್ಲ, ಮನಸ್ಸು.

ಇನ್ನೂ ದೊಡ್ಡ ಅನ್ಯಾಯ ಬೇರೆಯೇ ಇದೆ. 20ನೇ ಕಲಮಿನ ಈ ರಕ್ಷಣೆ ಸರಕಾರಿ ಸಂಸ್ಥೆಗಳ ನೌಕರರಿಗೆ ಮಾತ್ರ. ಕಡೂರಿನಲ್ಲಿ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡವನಿಗೆ, ತರೀಕೆರೆಯ ತೋಟದಲ್ಲಿ ಅಡಿಕೆ ಗೊನೆ ಇಳಿಸುವಾಗ ಕೈ ಕಳೆದುಕೊಂಡವನಿಗೆ ಅದು ಸಿಗದು. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದು ಇದೇ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಓದುಗರೇ, ನಿಮ್ಮ ಊರಿನ ಯಾವ ಕಾರ್ಖಾನೆಯ ಗೋಡೆಯ ಮೇಲೆ ಅದನ್ನು ಕಂಡಿದ್ದೀರಿ?

ಕೆಲಸ ಉಳಿಸುವ ಹೊಣೆ ಖಾಸಗಿ ಮಾಲೀಕರ ಮೇಲೂ ಬರುವಂತೆ ಕಾಯ್ದೆ ತಿದ್ದುಪಡಿಯಾಗಬೇಕು. ಅಲ್ಲಿಯವರೆಗೆ ಕಾರ್ಮಿಕ ಸಂಘಗಳು ಸುಮ್ಮನಿರಬೇಕಿಲ್ಲ. ತೆಲಂಗಾಣದ ಆ ಚಾಲಕನನ್ನು ಕಾಪಾಡಿದ್ದು 1979ರಲ್ಲಿ ಕಾರ್ಮಿಕರು ನಿಗಮದೊಂದಿಗೆ ಮಾಡಿಕೊಂಡಿದ್ದ ಒಪ್ಪಂದದ ಒಂದು ಷರತ್ತು. ನಮ್ಮ ಸಂಘಗಳೂ ತಮ್ಮ ಒಪ್ಪಂದಗಳಲ್ಲಿ ಅಂಥದೊಂದು ಸಾಲನ್ನು ಬರೆಸಲಿ. ನ್ಯಾಯಾಲಯಕ್ಕೆ ಹೋದವನನ್ನು ‘ಉಂಡ ಮನೆಗೆ ಎರಡು ಬಗೆದವ’ ಎಂದು ಹಳಿಯುವುದನ್ನು ನಾವೂ ಬಿಡೋಣ. ಅವನು ಕೇಳುತ್ತಿರುವುದು ಭಿಕ್ಷೆಯನ್ನಲ್ಲ, ತನ್ನದೇ ಅನ್ನವನ್ನು.