ಜನರ ಹಣದಿಂದ ಹುಟ್ಟಿದ ಮದ್ದು ಜನರಿಗೇಕೆ ದುಬಾರಿ?

ಈಚೆಗೆ ಆಸ್ಪತ್ರೆಯ ಚೀಟಿಗಳಲ್ಲಿ 'ಮ್ಯಾಬ್' ಎಂದು ಕೊನೆಗೊಳ್ಳುವ ಹೆಸರುಗಳು ಕಾಣುತ್ತಿವೆ. ಟ್ರಾಸ್ಟುಜುಮ್ಯಾಬ್, ರಿಟುಕ್ಸಿಮ್ಯಾಬ್ ಇತ್ಯಾದಿ. ಇವು ಮಾನೋಕ್ಲೋನಲ್ ಆಂಟಿಬಾಡಿ ಎಂಬ ಔಷಧಗಳು. ಹೆಸರು ಉದ್ದ; ಬಿಲ್ಲು ಅದಕ್ಕಿಂತ ಉದ್ದ. ಆದುದರಿಂದ ದುಡಿಯುವ ಜನ ಇದನ್ನು ತಿಳಿದಿರುವುದು ಅವಶ್ಯ.

ರೋಗಾಣು ಹೊಕ್ಕಾಗ ನಮ್ಮ ದೇಹ ಅದನ್ನು ಹಿಡಿಯತಕ್ಕ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ. ಆದರೆ ಅವು ಹಲವು ನಂಬರಿನ ನೂಲು ಬೆರೆತ ಕಂತೆಯಂತೆ. 1975ರಲ್ಲಿ ಕೇಂಬ್ರಿಜ್‌ನ ಪ್ರಯೋಗಾಲಯವೊಂದರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು ಪ್ರತಿಕಾಯ ಮಾಡುವ ಇಲಿಯ ಜೀವಕೋಶವನ್ನು, ನಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದೊಡನೆ ಬೆಸೆದರು. ಒಂದೇ ಕದಿರಿನಿಂದ ಒಂದೇ ನಂಬರಿನ ನೂಲು ಬೇಕಾದಷ್ಟು ಬರುವಂತಾಯಿತು. 1984ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಇದರ ಉಪಯೋಗ ಹಲವು. ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಐದರಲ್ಲೊಂದಕ್ಕೆ ಹರ್-2 ಎಂಬ ಗುರುತು ಹೆಚ್ಚಾಗಿರುತ್ತದೆ. ಟ್ರಾಸ್ಟುಜುಮ್ಯಾಬ್ ಆ ಗುರುತನ್ನೇ ಹಿಡಿಯುತ್ತದೆ. ಉಳಿದವಕ್ಕೆ ಅದು ಮದ್ದಲ್ಲ. ಹುಚ್ಚುನಾಯಿ ಆಳವಾಗಿ ಕಚ್ಚಿದರೆ ಗಾಯ ತೊಳೆದು, ಲಸಿಕೆ ಕೊಟ್ಟು, ಗಾಯದೊಳಕ್ಕೇ ಪ್ರತಿಕಾಯ ಚುಚ್ಚಬೇಕು. ಹಿಂದೆ ಇದನ್ನು ಕುದುರೆಯ ಇಲ್ಲವೇ ಮನುಷ್ಯರ ರಕ್ತದಿಂದಷ್ಟೇ ತೆಗೆಯುತ್ತಿದ್ದರು. 2017ರಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಮಾನೋಕ್ಲೋನಲ್ ಮದ್ದನ್ನೇ ಹೊರತಂದಿತು.

ಈಗ ಬೆಲೆಯ ಮಾತು. ಕೇಂಬ್ರಿಜ್‌ನ ಆ ಪ್ರಯೋಗಾಲಯ ನಡೆದದ್ದು ಬ್ರಿಟಿಷ್ ಜನರ ತೆರಿಗೆ ಹಣದಿಂದ. ಮೂಲ ವಿಧಾನಕ್ಕೆ ಪೇಟೆಂಟನ್ನೇ ಪಡೆಯಲಿಲ್ಲ. ಮುಂದೆ ಅದರಿಂದ ಹುಟ್ಟಿದ ಔಷಧಗಳಿಗೆ ಕಂಪನಿಗಳು ಪೇಟೆಂಟಿನ ಬೇಲಿ ಹಾಕಿದವು. ಜೀವಂತ ಕೋಶಗಳನ್ನು ಸಾಕಿ ಮದ್ದು ತೆಗೆಯುವುದು ಮಾತ್ರೆ ಒತ್ತಿದಷ್ಟು ಸುಲಭವಲ್ಲ, ಖರ್ಚುಂಟು ಎಂಬ ವಾದವಿದೆ. ಒಪ್ಪೋಣ. ಆದರೆ ಬೆಲೆಯೆಲ್ಲ ಖರ್ಚೇ ಆಗಿದ್ದರೆ, ಸ್ಪರ್ಧೆ ಬಂದಾಗ ಅದು ಇಳಿಯುವುದೇಕೆ? 2013ರಲ್ಲಿ ರೋಶ್ ಕಂಪನಿ ಭಾರತದಲ್ಲಿ ಟ್ರಾಸ್ಟುಜುಮ್ಯಾಬ್ ಪೇಟೆಂಟಿನ ಹಟ ಬಿಟ್ಟಿತು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದೇ ಬಗೆಯ ಮದ್ದನ್ನು ಕಡಮೆ ಬೆಲೆಗೆ ಮಾರಾಟಕ್ಕೆ ತಂದಿತು. ತಕ್ಕಡಿ ಹಿಡಿದ ವ್ಯಾಪಾರಿ ಮಿತ್ರರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಇಳಿದ ಬೆಲೆ ಕೂಲಿಯವನ ಮಟ್ಟಕ್ಕೆ ಇಳಿದಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಟ್ರಾಸ್ಟುಜುಮ್ಯಾಬನ್ನು ಅತ್ಯವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅತ್ಯವಶ್ಯವೆಂದ ಮೇಲೆ ಅದು ಹಣವಂತರಿಗೆ ಮಾತ್ರ ಅತ್ಯವಶ್ಯವೇ? ಸರ್ಕಾರ ಒಟ್ಟಾಗಿ ಸಗಟು ಕೊಳ್ಳಲಿ. ಬೆಲೆ ಚೌಕಾಸಿ ಮಾಡಲಿ. ನಾಯಿ ಕಡಿತದ ಪ್ರತಿಕಾಯ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ದೊರೆಯಲಿ. ಇದು ಭಿಕ್ಷೆಯಲ್ಲ, ತೆರಿಗೆ ತೆರುವವರ ಹಕ್ಕು. ಕೇಳದೆ ಯಾರೂ ಕೊಡರು. ಸಂಘಗಳು ಈ ಬೇಡಿಕೆಯನ್ನು ಕೈಗೆತ್ತಿಕೊಳ್ಳಬೇಕು.